ಒಂದೇ ಬಳ್ಳಿಯ ಎರಡು ಕಾಯಿ: ಫೆರಾರಿ ಮತ್ತು ಫಿಯೆಟ್

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲಿ. ಉತ್ತರ ಕರ್ನಾಟಕದ ಹಳ್ಳಿಯ ಬದುಕು, ಅಲ್ಲಿನ ಕಸುಬು, ದನಕರು, ಮನೆಮಠಗಳು ಇಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿದೆ. ಒಂದು ಕಾಲಕ್ಕೆ ಮನೆಮನೆಯ ಅಂಗಳದಲ್ಲಿ ಬಿದ್ದಿರುತ್ತಿದ್ದ, ಯಾರೂ ತಿರುಗಿ ನೋಡದಿದ್ದ ಸಂಗತಿಗಳನ್ನು ಇಂದು ಜನ ಟಿಕೆಟ್ ಕೊಂಡು ನೋಡುತ್ತಾರೆ. ವಿದ್ಯಾರ್ಥಿಗಳು ಅದರ ಮೇಲೆ ಪದವಿ ಪಡೆಯುತ್ತಾರೆ.

ಬಳಕೆಯಲ್ಲಿದ್ದಾಗ ಇಲ್ಲದ ಬೆಲೆ ಬಳಕೆ ತಪ್ಪಿದ ಮೇಲೆ ಬರುವುದು ಹೇಗೆ? ಈ ಪ್ರಶ್ನೆಗೆ ಗೊಟಗೋಡಿಯ ಮುಂದೆ ಹಾದುಹೋಗುವ ಹೆದ್ದಾರಿಯೇ ಇನ್ನೊಂದು ಉದಾಹರಣೆ ಒದಗಿಸುತ್ತದೆ. ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರಾಗಿದ್ದು, ಈಗ 48 ಆಗಿರುವ ಈ ದಾರಿಯಲ್ಲಿ ಮುಂಬೈ ಕಡೆಯಿಂದ ಬೆಂಗಳೂರಿನ ಕಡೆಗೆ ದಶಕಗಳ ಕಾಲ ಓಡಿದ್ದು ಫಿಯೆಟ್ ಕಾರು. ಡಾಕ್ಟರು, ವಕೀಲರು, ಅಡತಿ ವ್ಯಾಪಾರಿಗಳ ಮನೆಯ ಮುಂದೆ ನಿಂತು ಗೌರವ ತಂದುಕೊಡುತ್ತಿದ್ದ ಆ ಕಾರಿನ ಮೂಲ ಇಟಲಿ. ಕಾರುಗಳ ಹರಾಜಿನಲ್ಲಿ ನೂರಾರು ಕೋಟಿ ರೂಪಾಯಿಗೆ ಕೈ ಬದಲಿಸುವ ಫೆರಾರಿಯ ಮೂಲವೂ ಇಟಲಿಯೇ. ಇವೆರಡರ ನಂಟು ದೇಶದ ಹೆಸರಿಗಷ್ಟೇ ನಿಲ್ಲುವುದಿಲ್ಲ. ಅವು ಒಂದೇ ಬಳ್ಳಿಯ ಕಾಯಿಗಳು. ಆದರೆ ಕಾಲ ಅವುಗಳಿಗೆ ಕಟ್ಟಿದ ಬೆಲೆ ಬೇರೆ ಬೇರೆ.

ಮೊದಲ ಕಾರಿನ ಗುಟ್ಟು

ಎಂಜೊ ಫೆರಾರಿ ಮೊದಲಿಗೆ ಆಲ್ಫಾ ರೋಮಿಯೊ ಕಂಪನಿಯ ರೇಸ್ ತಂಡವನ್ನು ನಡೆಸುತ್ತಿದ್ದವರು. 1939ರಲ್ಲಿ ಆ ಕಂಪನಿಯನ್ನು ಬಿಟ್ಟು ಹೊರಬಂದಾಗ, ನಾಲ್ಕು ವರ್ಷ ತಮ್ಮ ಹೆಸರಿನಲ್ಲಿ ರೇಸಿಗೆ ಇಳಿಯಬಾರದೆಂಬ ಕರಾರು ಅವರ ಕೈ ಕಟ್ಟಿತ್ತು. ಹೀಗಾಗಿ ಮೊಡೆನಾ ಊರಿನಲ್ಲಿ ತಾವು ಸ್ವತಂತ್ರವಾಗಿ ಕಟ್ಟಿದ ಮೊದಲ ಕಾರಿಗೆ ಅವರು ಇಟ್ಟ ಹೆಸರು ಬರೀ ಅಂಕಿ: 815. ಎಂಟು ಸಿಲಿಂಡರ್, ಒಂದೂವರೆ ಲೀಟರ್ ಎಂಬುದು ಅದರ ಅರ್ಥ.

ಕೈಯಲ್ಲಿ ಹಣ ಕಡಿಮೆ, ಕಾಲಾವಕಾಶ ಇನ್ನೂ ಕಡಿಮೆ. ಆದ್ದರಿಂದ ಫಿಯೆಟ್ ಕಂಪನಿಯ ಸಾಮಾನ್ಯ ಮನೆವಾರ್ತೆಯ ಕಾರಾದ 1100ರ ಚಾಸಿಯನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಆ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನಿನ ಎರಡು ಮೇಲ್ಭಾಗಗಳನ್ನು ಒಂದರ ಹಿಂದೆ ಒಂದಾಗಿ ಕೂರಿಸಿ ಎಂಟು ಸಿಲಿಂಡರಿನ ಎಂಜಿನ್ ಮಾಡಲಾಯಿತು. 1940ರ ಏಪ್ರಿಲ್‌ನಲ್ಲಿ ಬ್ರೆಶಾ ಊರಿನ ರೇಸಿಗೆ ಇಂಥ ಎರಡು ಕಾರುಗಳು ಇಳಿದವು. ಒಂದನ್ನು ಓಡಿಸಿದವರು ಮುಂದೆ ವಿಶ್ವ ಚಾಂಪಿಯನ್ ಆದ ಆಲ್ಬರ್ಟೊ ಅಸ್ಕಾರಿ. ಎರಡೂ ಕಾರುಗಳು ಗುರಿ ಮುಟ್ಟದೆ ನಿಂತವು. ಫೆರಾರಿ ಎಂಬ ಹೆಸರು ಹೊತ್ತ ಮೊದಲ ಕಾರು ಬರಲು 1947ರವರೆಗೆ ಕಾಯಬೇಕಾಯಿತು.

815ಕ್ಕೆ ಅಂಗಾಂಗ ದಾನ ಮಾಡಿದ ಆ ಫಿಯೆಟ್ 1100ರ ಎಂಜಿನ್ 1089 ಸಿ.ಸಿ. ಸಾಮರ್ಥ್ಯದ್ದು. ಅದೇ ಎಂಜಿನ್ ಕಾಲಕಾಲಕ್ಕೆ ಸುಧಾರಣೆಯಾಗುತ್ತ, ಅದೇ 1089 ಸಿ.ಸಿ. ಅಳತೆಯಲ್ಲಿ, ನಮ್ಮ ಪ್ರೀಮಿಯರ್ ಪದ್ಮಿನಿಯ ಬಾನೆಟ್ಟಿನ ಒಳಗೂ ಬಂದು ಕುಳಿತಿತು. ಮದುವೆ ದಿಬ್ಬಣಕ್ಕೆ ಹೂವಿನ ಹಾರ ಹಾಕಿಸಿಕೊಂಡು ಹೊರಟ ಪದ್ಮಿನಿ, ಫೆರಾರಿಯ ಮೊದಲ ಸಾಹಸದ ಕಾರಿಗೆ ದಾಯಾದಿ ಎಂದರೆ ಹಲವರಿಗೆ ಸೋಜಿಗವಾದೀತು. 1969ರಲ್ಲಿ ಫಿಯೆಟ್ ಕಂಪನಿ ಫೆರಾರಿಯ ಅರ್ಧ ಪಾಲನ್ನೇ ಕೊಂಡಿತು. ಆಗ ನಂಟು ಕಾಗದದ ಮೇಲೂ ಬಂತು.

ಶಾಲೆಗೆ ದಾನ ಕೊಟ್ಟ ಕಾರು

ಹಳೆಯ ಕಾರುಗಳ ಲೋಕದಲ್ಲಿ ಅತಿ ದೊಡ್ಡ ಹೆಸರು ಫೆರಾರಿ 250 ಜಿ.ಟಿ.ಒ. 1962ರಿಂದ 1964ರವರೆಗೆ ತಯಾರಾದದ್ದು ಬರೀ 36. ಅಮೆರಿಕದಲ್ಲಿ ಇದರ ಅಂದಿನ ಬೆಲೆ ಸುಮಾರು 18 ಸಾವಿರ ಡಾಲರ್. ಕೊಳ್ಳಲು ಹಣ ಇದ್ದರಷ್ಟೇ ಸಾಲದು, ಕೊಳ್ಳುವವರನ್ನು ಎಂಜೊ ಫೆರಾರಿ ಒಪ್ಪಬೇಕಿತ್ತು.

ಆದರೆ ಇದು ರೇಸಿನ ಕಾರು. ರೇಸಿನ ಕಾರಿಗೂ ರೇಸಿನ ಕುದುರೆಗೂ ಒಂದೇ ಹಣೆಬರಹ. ಇನ್ನೊಂದು ಮುಂದೆ ಓಡಿದ ದಿನ ಇದರ ಗಿರಾಕಿ ಮಾಯ. ಎರಡು ಮೂರು ವರ್ಷಗಳಲ್ಲೇ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಹೊಸ ಮಾದರಿಗಳು ಬಂದವು. ಜಿ.ಟಿ.ಒ. ಎಂಬುದು ಗದ್ದಲ ಮಾಡುವ, ಬಿಸಿಯಾಗುವ, ಸಂತೆಗೆ ಒಯ್ಯಲೂ ಬಾರದ ಹಳೆಯ ಯಂತ್ರವಾಯಿತು. ಇಂಥದೊಂದು ಕಾರನ್ನು ಅದರ ಮಾಲೀಕರು 1964ರಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಪ್ರೌಢಶಾಲೆಗೆ, ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲಿ ಎಂದು ದಾನ ಕೊಟ್ಟರು. ಶಾಲೆ ಅದನ್ನು 1972ರಲ್ಲಿ 6,500 ಡಾಲರಿಗೆ ಮಾರಿತು. ಕೊಂಡವರು ಅದನ್ನು ವರ್ಷಗಟ್ಟಲೆ ಬಯಲಿನಲ್ಲಿ, ಮಳೆ ಬಿಸಿಲಿಗೆ ನಿಲ್ಲಿಸಿದ್ದರು.

ಅಂದಿನ ವಿನಿಮಯ ದರದಲ್ಲಿ 6,500 ಡಾಲರ್ ಎಂದರೆ ಹತ್ತಿರ ಹತ್ತಿರ 50 ಸಾವಿರ ರೂಪಾಯಿ. ಹನ್ನೊಂದು ವರ್ಷಗಳ ಬಳಿಕ ನಮ್ಮಲ್ಲಿ ಮಾರುತಿ 800 ಬಂದಾಗ ಅದರ ಬೆಲೆಯೂ ಸುಮಾರು ಇಷ್ಟೇ ಇತ್ತು.

ಏರಿಳಿತದ ಲೆಕ್ಕ

ಮುಂದಿನ ಕಥೆ ಪೇಟೆಯ ಹತ್ತಿ ದರದ ಹಾಗೆ, ಒಮ್ಮೆ ಮೇಲೆ ಒಮ್ಮೆ ಕೆಳಗೆ. 1980ರ ದಶಕದ ನಡುವಿನ ಹೊತ್ತಿಗೆ ಜಿ.ಟಿ.ಒ. ಬೆಲೆ ಹತ್ತು ಲಕ್ಷ ಡಾಲರಿನ ಹತ್ತಿರ ಬಂದಿತ್ತು. ಆಮೇಲೆ ಮೂರು ಸಂಗತಿಗಳು ಒಂದರ ಹಿಂದೆ ಒಂದು ಕೂಡಿಬಂದವು. 1987ರ ಅಕ್ಟೋಬರ್‌ನಲ್ಲಿ ಜಗತ್ತಿನ ಷೇರುಪೇಟೆಗಳು ಕುಸಿದಾಗ, ಕಾಗದದ ಷೇರಿಗಿಂತ ಕಣ್ಣಿಗೆ ಕಾಣುವ ವಸ್ತು ಲೇಸೆಂದು ಹಣವುಳ್ಳವರು ಚಿತ್ರಕಲೆ, ಹಳೆಯ ಕಾರುಗಳತ್ತ ತಿರುಗಿದರು. ಜಪಾನಿನಲ್ಲಿ ಹಣ ಹೊಳೆಯಾಗಿ ಹರಿಯುತ್ತಿತ್ತು. 1988ರ ಆಗಸ್ಟ್‌ನಲ್ಲಿ ಎಂಜೊ ಫೆರಾರಿ ತೀರಿಕೊಂಡರು. ಕಟ್ಟಿದ ಕೈ ಇನ್ನಿಲ್ಲವೆಂದಾಗ ಕಟ್ಟಿದ್ದಕ್ಕೆ ಬೆಲೆ ಏರುವುದು ಎಲ್ಲ ಕಲೆಗಳಲ್ಲೂ ಕಂಡ ಸಂಗತಿ. 1990ರ ಹೊತ್ತಿಗೆ ಒಂದು ಜಿ.ಟಿ.ಒ. 1 ಕೋಟಿ 30 ಲಕ್ಷ ಡಾಲರಿನ ಆಸುಪಾಸಿಗೆ ಮಾರಾಟವಾಗುವ ಮಟ್ಟ ಮುಟ್ಟಿತ್ತು.

ಜಪಾನಿನ ಗುಳ್ಳೆ ಒಡೆಯಿತು. ಸಾಲ ಮಾಡಿ ಕಾರು ಕೊಂಡಿದ್ದವರು ಮಾರಲು ಓಡಿಬಂದರು, ಕೊಳ್ಳುವವರೇ ಇರಲಿಲ್ಲ. 1994ರಲ್ಲಿ ಅದೇ ಮಾದರಿಯ ಕಾರು ಸುಮಾರು 27 ಲಕ್ಷ ಡಾಲರಿಗೆ, 1996ರಲ್ಲಿ 25 ಲಕ್ಷ ಡಾಲರಿಗೆ ಇಳಿಯಿತು. ಕಾರಿನಲ್ಲಿ ಒಂದು ನಟ್ಟೂ ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನು ನೋಡುವವರ ಜೇಬು ಮಾತ್ರ.

ಮತ್ತೆ ಏರಿಕೆ ಶುರುವಾಗಿ, ಈ ಬಾರಿ ಹಳೆಯ ಗುರುತುಗಳನ್ನೆಲ್ಲ ದಾಟಿತು. 2014ರಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ 3 ಕೋಟಿ 81 ಲಕ್ಷ ಡಾಲರ್, 2018ರಲ್ಲಿ ಇನ್ನೊಂದರಲ್ಲಿ 4 ಕೋಟಿ 84 ಲಕ್ಷ ಡಾಲರ್. ಎರಡನೆಯದನ್ನು ಅಂದಿನ ದರದಲ್ಲಿ ರೂಪಾಯಿಗೆ ತಿರುಗಿಸಿದರೆ 330 ಕೋಟಿಗೂ ಹೆಚ್ಚು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಇದೇ ಬಳಗದ, ನಾಲ್ಕು ಲೀಟರ್ ಎಂಜಿನ್ನಿನ ಒಂದು ಕಾರು 5 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಹರಾಜಿನವರು ನಿರೀಕ್ಷಿಸಿದ್ದು ಆರು ಕೋಟಿಗೂ ಮೇಲೆ.

ಬೆಲೆ ಎಲ್ಲಿ ಅಡಗಿದೆ?

ಕಬ್ಬಿಣ, ಅಲ್ಯೂಮಿನಿಯಂ, ರಬ್ಬರುಗಳ ತೂಕಕ್ಕೆ ಈ ಬೆಲೆ ಬರುವುದಿಲ್ಲ ಎಂಬುದು ಸ್ಪಷ್ಟ. ಹಾಗಾದರೆ ಯಾತಕ್ಕೆ?

ಮೊದಲನೆಯದು ಕೊರತೆ. ಮೂವತ್ತಾರು ಕಾರು, ಅದನ್ನು ಬಯಸುವವರು ಸಾವಿರ. ಆದರೆ ಕೊರತೆಯೊಂದೇ ಸಾಲದು. ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವ, ಯಾರಿಗೂ ಬೇಡವಾದ ಕಾರುಗಳೂ ಇವೆ.

ಎರಡನೆಯದು ಕಥೆ. ಯಾವ ರೇಸಿನಲ್ಲಿ ಓಡಿತ್ತು, ಯಾರು ಓಡಿಸಿದ್ದರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಚರಿತ್ರೆ. ಇಟಲಿಯ ಮಿಲೆ ಮಿಲ್ಯಾ ಓಟ ಇದಕ್ಕೆ ಒಳ್ಳೆಯ ನಿದರ್ಶನ. ಬ್ರೆಶಾದಿಂದ ರೋಮಿಗೆ ಹೋಗಿ ಮರಳುವ ಸುಮಾರು 1,600 ಕಿಲೋಮೀಟರಿನ ಈ ಓಟ 1927ರಲ್ಲಿ ಆರಂಭವಾಗಿ, 1957ರಲ್ಲಿ ಫೆರಾರಿ ಕಾರೊಂದು ರಸ್ತೆ ಬದಿಯ ಜನರ ಮೇಲೆ ನುಗ್ಗಿ ಮಕ್ಕಳೂ ಸೇರಿದಂತೆ ಹಲವರು ಸತ್ತ ದುರಂತದ ಬಳಿಕ ನಿಂತಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಯಾತ್ರೆ ನಡೆಯುತ್ತಿದೆ. ಆ ಮೂವತ್ತು ವರ್ಷಗಳಲ್ಲಿ ಓಟದಲ್ಲಿ ಪಾಲ್ಗೊಂಡ ಮಾದರಿಗಳಿಗೆ ಇಲ್ಲಿ ಪ್ರವೇಶ. ಆ ಪ್ರವೇಶದ ಅರ್ಹತೆಯೇ ಕಾರಿನ ಬೆಲೆಯನ್ನು ಏರಿಸುತ್ತದೆ. ವಿಶೇಷವೆಂದರೆ ಐವತ್ತರ ದಶಕದಲ್ಲಿ ಫಿಯೆಟ್ 1100 ಕೂಡ ಈ ಓಟದಲ್ಲಿ ಓಡಿದೆ. ಇಟಲಿಯಲ್ಲಿ ಆ ಕಾರಿಗೆ ಇಂದಿಗೂ ಒಂದು ಮಾನವಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಮೂರನೆಯದು ರುಚಿ. ಎಂಜೊ ಅವರ ಮಗ ಡಿನೊ 1956ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ಹೆಸರಿನಲ್ಲಿ 1960ರ ದಶಕದ ಕೊನೆಯಲ್ಲಿ ಬಂದ ಡಿನೊ ಕಾರಿಗೆ ಆರೇ ಸಿಲಿಂಡರ್. ಮೇಲೆ ಫೆರಾರಿಯ ಕುದುರೆಯ ಗುರುತೂ ಇರಲಿಲ್ಲ. ಎಂಜಿನ್ ತಯಾರಾಗುತ್ತಿದ್ದುದು ಫಿಯೆಟ್ ಕಾರ್ಖಾನೆಯಲ್ಲಿ. ಇದು ಅಸಲಿ ಫೆರಾರಿಯೇ ಅಲ್ಲ ಎಂದು ಸಂಗ್ರಾಹಕರು ಬಹುಕಾಲ ಮೂಗು ಮುರಿದರು. ಇಂದು ಅದೇ ಕಾರಿನ ರೂಪವನ್ನು ಹೊಗಳದವರಿಲ್ಲ, ಅದರ ಬೆಲೆಯೂ ಅದಕ್ಕೆ ತಕ್ಕಂತೆ ಬೆಳೆದಿದೆ.

ನಾಲ್ಕನೆಯದು ಕಾಗದಪತ್ರ. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಈಗಲೂ ಇದೆಯೇ, ಸಂಖ್ಯೆ ತಾಳೆಯಾಗುತ್ತದೆಯೇ, ಬಣ್ಣ ಮೂಲದ್ದೇ, ರಿಪೇರಿಯ ಬಿಲ್ಲುಗಳಿವೆಯೇ ಎಂಬುದೆಲ್ಲ ಪರೀಕ್ಷೆಗೆ ಒಳಗಾಗುತ್ತದೆ. ನಕಲಿಗಳ ಹಾವಳಿ ಎಷ್ಟೆಂದರೆ, ಹಳೆಯ ಕಾರುಗಳನ್ನು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡಲೆಂದೇ ಫೆರಾರಿ ಕಂಪನಿ ಪ್ರತ್ಯೇಕ ವಿಭಾಗ ಇಟ್ಟುಕೊಂಡಿದೆ.

ಈ ಪಟ್ಟಿಯಲ್ಲಿ ಧೂಳಿಗೂ ಜಾಗವುಂಟು. ಫ್ರಾನ್ಸಿನ ಒಂದು ತೋಟದ ಮನೆಯ ಶೆಡ್ಡಿನಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ, ದಶಕಗಳ ಕಾಲ ನಿಂತಿದ್ದ ಫೆರಾರಿಯೊಂದು ಹೊರಬಿತ್ತು. ಒಮ್ಮೆ ನಟ ಅಲೆನ್ ಡೆಲಾನ್ ಅವರದಾಗಿದ್ದ ಕಾರು ಅದು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ತೊಳೆಯದೆ, ಧೂಳಿನ ಸಮೇತ ಹರಾಜಿಗಿಟ್ಟರು. ಬಂದ ಬೆಲೆ 1 ಕೋಟಿ 60 ಲಕ್ಷ ಯೂರೊಗೂ ಮೇಲೆ. ಯಾರೂ ಕೈ ಹಾಕಿ ಕೆಡಿಸಿಲ್ಲ ಎಂಬುದಕ್ಕೆ ಆ ಧೂಳೇ ಸಾಕ್ಷಿಯಾಗಿತ್ತು.

ಬೆಂಗಳೂರಿಗೆ ತಪ್ಪಿದ ಕಾರ್ಖಾನೆ

ಈಗ ನಮ್ಮ ಮನೆಯ ಕಡೆಯ ಕಾಯಿಯನ್ನು ನೋಡೋಣ. ಫಿಯೆಟ್ ಭಾರತಕ್ಕೆ ಬಂದ ಕಥೆಯ ಮೊದಲ ಪುಟದಲ್ಲಿ ಇರುವುದು ಮೈಸೂರು ಸಂಸ್ಥಾನ. ನಮ್ಮ ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕ ಸುತ್ತಿ ಯೋಜನೆ ತಯಾರಿಸಿದ್ದರು. ಉದ್ಯಮಿ ವಾಲಚಂದ್ ಹೀರಾಚಂದ್ ಅವರೊಂದಿಗೆ ಸೇರಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲಚಂದ್ ಮತ್ತು ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಇಂದಿನ ಎಚ್.ಎ.ಎಲ್. ಕಾರು ಕೇಳಿದ ಊರಿಗೆ ವಿಮಾನ ಬಂತು.

ಕಾರಿನ ಕಂಪನಿ, ಅಂದರೆ ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ವಾಹನಗಳ ಜೋಡಣೆ ನಡೆಯಿತು. ಐವತ್ತರ ದಶಕದ ಆರಂಭದಲ್ಲಿ ಫಿಯೆಟ್ ಜೊತೆ ಒಪ್ಪಂದವಾಗಿ, 1954ರಲ್ಲಿ 1100 ಮಾದರಿ ಬಂತು. 1960ರ ದಶಕದ ಮಧ್ಯದಲ್ಲಿ ಬಂದ 1100ಡಿ ಮಾದರಿಯೇ ಮುಂದೆ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ 1974ರಲ್ಲಿ ಚಿತ್ತೋಡಿನ ರಾಣಿಯ ಹೆಸರಿನಲ್ಲಿ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡಿತು. ಹೆಸರು ಏನೇ ಆದರೂ ಜನರ ಬಾಯಲ್ಲಿ ಉಳಿದದ್ದು ಫಿಯೆಟ್ ಎಂದೇ. ಇಟಲಿಯಲ್ಲಿ 1100ರ ತಯಾರಿಕೆ 1969ರಲ್ಲೇ ನಿಂತರೂ ಕುರ್ಲಾದಲ್ಲಿ ಮತ್ತೆ ಮೂರು ದಶಕ ನಡೆಯಿತು.

ಸರದಿಯ ಬೆಲೆ

ನಮ್ಮ ಫಿಯೆಟ್ಟಿಗೆ ಬಂದ ಮೊದಲ ಬೆಲೆ ವಿಚಿತ್ರವಾದದ್ದು. ಸ್ವಾತಂತ್ರ್ಯಾನಂತರ ಪೂರ್ಣ ಕಾರುಗಳ ಆಮದು ನಿಂತಿತು. 1953ರ ಬಳಿಕ ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಹೊರಟುಹೋದವು. ಉಳಿದವು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳು. ಎಷ್ಟು ಕಾರು ತಯಾರಿಸಬೇಕೆಂಬುದು ಲೈಸೆನ್ಸಿನಲ್ಲಿ ಬರೆದಿತ್ತು. ಹೊಸ ಕಾರುಗಳ ಹಂಚಿಕೆಯೂ ಸರ್ಕಾರದ ಆದೇಶಕ್ಕೆ ಒಳಪಟ್ಟಿತ್ತು. 1969ರಲ್ಲಿ ದರದ ಮೇಲೂ ಶಾಸನದ ಹಿಡಿತ ಬಂತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. 1971ರಲ್ಲಿ ನ್ಯಾಯಾಲಯವೇ ಕಾರುಗಳ ನ್ಯಾಯಬೆಲೆಯ ಲೆಕ್ಕ ಬಿಡಿಸಬೇಕಾಯಿತು.

ದರ ನಿಗದಿ, ಸರಕು ಕಡಿಮೆ, ಗಿರಾಕಿ ಹೆಚ್ಚು. ಹೀಗಾದಾಗ ಬೆಲೆ ಕಾರಿನಿಂದ ಸರದಿಗೆ ಜಾರುತ್ತದೆ. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳಲ್ಲಿ, ಒಂದೆರಡು ವರ್ಷ ಓಡಿದ ಫಿಯೆಟ್ ಹೊಸದಕ್ಕಿಂತ ದುಬಾರಿಯಾಗಿತ್ತು. ಹೊಸ ಕಾರಿಗೆ ಕಾಯಬೇಕು, ಹಳೆಯದು ಇವತ್ತೇ ಸಿಗುತ್ತದೆ. ಆ ಇವತ್ತಿಗೇ ಬೆಲೆ.

ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಫಿಯೆಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 12 ಸಾವಿರ ರೂಪಾಯಿಯ ಕಾರಿಗೆ ಅವರ ಬಳಿ ಇದ್ದದ್ದು 7 ಸಾವಿರ. ಉಳಿದ 5 ಸಾವಿರಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. 1966ರಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡ ಮೇಲೆ ಆ ಸಾಲವನ್ನು ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರು ಈಗ ದೆಹಲಿಯ ಅವರ ಸ್ಮಾರಕದಲ್ಲಿದೆ. ಅದನ್ನು ಹರಾಜಿಗಿಟ್ಟರೆ ಎಷ್ಟು ಬಂದೀತು ಎಂದು ಯಾರೂ ಕೇಳುವುದಿಲ್ಲ.

ಎರಡು ಕಾಯಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾಣುವ ಚಿತ್ರ ಇದು. 1970ರ ದಶಕದ ಆರಂಭದಲ್ಲಿ ಜಗತ್ತಿನ ಶ್ರೇಷ್ಠ ಫೆರಾರಿ ಟೆಕ್ಸಸ್‌ನ ಶಾಲೆಗೆ ಬೇಡವಾಗಿ ಬಯಲಿಗೆ ಬಿದ್ದಿತ್ತು. ಅದೇ ಹೊತ್ತಿನಲ್ಲಿ ಅದರ ಬಡ ದಾಯಾದಿಗೆ ನಮ್ಮಲ್ಲಿ ಜನ ಸರದಿ ನಿಂತಿದ್ದರು.

ರಾಣಿಯ ಇಳಿಗಾಲ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಗಿರಾಕಿಯ ಕೈಗಿತ್ತರು. ಹಗುರ, ಕಡಿಮೆ ಪೆಟ್ರೋಲು, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಫಿಯೆಟ್ಟಿನ ಸ್ಟೇರಿಂಗ್ ಪಕ್ಕದ ಗೇರು, ಚಳಿಗಾಲದ ಚೋಕು, ಏರಿನಲ್ಲಿ ಕುದಿಯುವ ರೇಡಿಯೇಟರು, ಎಲ್ಲವೂ ರಾತ್ರೋರಾತ್ರಿ ಹಳತಾದವು. 1991ರ ಆರ್ಥಿಕ ಸುಧಾರಣೆಯ ನಂತರ ಹೊಸ ಹೊಸ ಕಂಪನಿಗಳು ಬಂದವು. ಸರದಿ ಕರಗಿತು, ಸರದಿಯ ಬೆಲೆಯೂ ಕರಗಿತು. 2000ದ ಹೊತ್ತಿಗೆ ಪದ್ಮಿನಿಯ ತಯಾರಿಕೆ ಮುಗಿಯಿತು. ಮಾರಾಟವಾಗದ ಫಿಯೆಟ್ಟುಗಳು ಗ್ಯಾರೇಜಿನ ಹಿಂದೆ, ಹುಣಸೆ ಮರದ ಕೆಳಗೆ ನಿಂತು, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿ ಸೇರಿದವು.

ಮುಂಬೈಯಲ್ಲಿ ಮಾತ್ರ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಪದ್ಮಿನಿ ಇನ್ನಷ್ಟು ಕಾಲ ಉಳಿಯಿತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಆ ಯುಗ ಮುಗಿಯಿತು. ಒಂದನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಇಡಿ ಎಂಬ ಕೂಗು ಎದ್ದದ್ದು ಅದೇ ವಾರ.

ಸರ್ಕಾರದ ಕೈ

ನಮ್ಮಲ್ಲಿ ಹಳೆಯ ಕಾರಿನ ಬೆಲೆಯನ್ನು ಹರಾಜಿನ ಸುತ್ತಿಗೆಗಿಂತ ಹೆಚ್ಚಾಗಿ ನಿರ್ಧರಿಸುವುದು ಸರ್ಕಾರದ ಮೊಹರು. 2002ರಲ್ಲಿ ಸಚಿನ್ ತೆಂಡೂಲ್ಕರ್ ಅವರು ಬ್ರಾಡ್‌ಮನ್ ಅವರ 29 ಟೆಸ್ಟ್ ಶತಕಗಳ ದಾಖಲೆಯನ್ನು ಸರಿಗಟ್ಟಿದಾಗ ಫೆರಾರಿ 360 ಮೊಡೆನಾ ಕಾರು ಉಡುಗೊರೆಯಾಗಿ ಬಂತು. ಅದರ ಆಮದು ಸುಂಕ ಕೋಟಿ ರೂಪಾಯಿಗೂ ಹೆಚ್ಚು. ಸುಂಕ ಮನ್ನಾ ಮಾಡಿದ್ದಕ್ಕೆ ದೇಶದಲ್ಲಿ ದೊಡ್ಡ ಗದ್ದಲವೆದ್ದು, ಕೊನೆಗೆ ಅದನ್ನು ಕಟ್ಟಿದ್ದು ಫಿಯೆಟ್ ಕಂಪನಿ. ದಾಯಾದಿ ಕೈಬಿಡಲಿಲ್ಲ.

ಹಳೆಯ ಕಾರುಗಳ ವಿಷಯದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5 ಸಾವಿರ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು.

ಇನ್ನೊಂದು ಕಡೆ ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಯೂ ಜಾರಿಯಲ್ಲಿದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರ ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10 ಸಾವಿರವಾಯಿತು. ಹೊಗೆ ಉಗುಳುವ ಹಳೆಯ ಗಾಡಿಗಳು ರಸ್ತೆಯಿಂದ ಇಳಿಯಬೇಕೆಂಬ ಉದ್ದೇಶ ಸರಿಯೇ. ಆದರೆ ಇದರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. 50 ವರ್ಷ ತುಂಬಿದ ಕಾರಿಗೆ ಮರ್ಯಾದೆಯುಂಟು. ಆದರೆ 50 ತುಂಬಬೇಕಾದರೆ ಮೊದಲು 20, 30, 40 ದಾಟಿ ಬದುಕಬೇಕು. 1972ರ ಪ್ರೆಸಿಡೆಂಟ್ ಈಗಾಗಲೇ ಗಡಿ ದಾಟಿದೆ. 1985ರ ಪದ್ಮಿನಿ ನಡುನೀರಿನಲ್ಲಿದೆ.

ಉಳಿಸುವುದು ಯಾವುದನ್ನು?

ಕರ್ನಾಟಕದಲ್ಲಿ ಹಳೆಯ ಕಾರುಗಳ ಮಾತು ಬಂದಾಗ ಮೊದಲು ನೆನಪಾಗುವುದು ಧರ್ಮಸ್ಥಳ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಕಾರುಗಳ ಸಂಗ್ರಹ ಅಲ್ಲಿಗೆ ಹೋದವರೆಲ್ಲ ನೋಡಿ ಬರುವ ತಾಣ. ಮಾರುವ ಉದ್ದೇಶವಿಲ್ಲದೆ ನಿಂತ ಕಾರುಗಳಿಗೆ ಅಲ್ಲಿ ಬೇರೊಂದು ಬಗೆಯ ಬೆಲೆ. ಅಜ್ಜ ಮೊಮ್ಮಗನಿಗೆ ಬೆರಳು ತೋರಿಸಿ ‘ನಮ್ಮ ಕಾಲದಲ್ಲಿ ಇದು ಹೀಗೆ ಓಡುತ್ತಿತ್ತು’ ಎಂದು ಹೇಳಲು ಒಂದು ನೆಪ.

ಹಾಗಿದ್ದರೆ ಏರುವ ಬೆಲೆ ಒಳ್ಳೆಯದೇ, ಕೆಟ್ಟದ್ದೇ? ಎರಡೂ ಹೌದು. ಬೆಲೆ ಬಂದದ್ದರಿಂದಲೇ ಆ ಟೆಕ್ಸಸ್‌ನ ಜಿ.ಟಿ.ಒ. ಬಯಲಿನಿಂದ ಎದ್ದುಬಂತು. ಆದರೆ ಬೆಲೆ ಅತಿಯಾದಾಗ ಕಾರು ರಸ್ತೆಗಿಳಿಯುವುದೇ ಇಲ್ಲ. ಲಾಕರಿನ ಚಿನ್ನದಂತೆ ಬೀಗದೊಳಗೆ ಕೂರುತ್ತದೆ. ಓಡಲೆಂದೇ ಹುಟ್ಟಿದ ಯಂತ್ರಕ್ಕೆ ಇದು ಒಂದು ಬಗೆಯ ಸೆರೆವಾಸ.

ನಮ್ಮ ಫಿಯೆಟ್ಟಿಗೆ ಆ ಅಪಾಯವಿಲ್ಲ. ಅದು ಎಂದೂ ಜಿ.ಟಿ.ಒ. ಆಗುವುದಿಲ್ಲ. 36 ಎಲ್ಲಿ, ದಶಕಗಳ ಕಾಲ ಕುರ್ಲಾದಿಂದ ಹೊರಬಿದ್ದ ರಾಶಿ ಎಲ್ಲಿ? ಆದರೂ ಹಳೆಯ ಫಿಯೆಟ್ ಹುಡುಕಿ, ಟಿಂಕರಿಂಗ್ ಮಾಡಿಸಿ, ಮೂಲ ಬಣ್ಣ ಬಳಿಸಿ, ಭಾನುವಾರ ಬೆಳಿಗ್ಗೆ ಹೊರಗೆ ತೆಗೆಯುವ ಯುವಕರು ಈಗ ಬೆಂಗಳೂರು, ಮೈಸೂರುಗಳಲ್ಲಿ ಕಾಣುತ್ತಾರೆ. ಅವರಿಗೆ ಎದುರಾಗುವ ಕೊರತೆ ಹಣದ್ದಷ್ಟೇ ಅಲ್ಲ. ಕಾರ್ಬುರೇಟರಿನ ಸದ್ದು ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಗಳು ವಯಸ್ಸಾಗಿ ಕೈ ಬಿಟ್ಟಿದ್ದಾರೆ. ಅವರ ಮಕ್ಕಳು ಕಂಪ್ಯೂಟರ್ ಜೋಡಿಸಿ ಎಂಜಿನ್ ನೋಡುವವರು. ಜಾನಪದದ ಹಾಡನ್ನು ಧ್ವನಿಮುದ್ರಿಸಿ ಇಡಬಹುದು. ಮೇಸ್ತ್ರಿಯ ಕಿವಿಯನ್ನು ಹೇಗೆ ಇಡುವುದು?

ಎರಡನೆಯ ಕೊರತೆ ಕಾಗದದ್ದು. ಹೊರಗಿನವರು ರಿಪೇರಿಯ ಚೀಟಿಯನ್ನೂ ಕಾದಿಟ್ಟು ಅದಕ್ಕೆ ಬೆಲೆ ಕಟ್ಟಿದರು. ನಾವು ಕಾರನ್ನು ಹಿತ್ತಲಲ್ಲಿ ಉಳಿಸಿಕೊಂಡರೂ ಕಾಗದಗಳನ್ನು ದೀಪಾವಳಿಯ ಕಸದ ಜೊತೆ ಹೊರಗೆ ಹಾಕಿದೆವು. ಆರ್.ಸಿ. ಪುಸ್ತಕ ಇಲ್ಲದ ಫಿಯೆಟ್, ಎಷ್ಟೇ ಚೆಂದವಿದ್ದರೂ, ಕಾನೂನಿನ ಕಣ್ಣಿಗೆ ಕಬ್ಬಿಣ.

ಆದ್ದರಿಂದ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ಹಳೆಯ ಫಿಯೆಟ್ ನಿಂತಿರುವ ಮನೆಯವರು ಗುಜರಿಯವನನ್ನು ಕರೆಯುವ ಮೊದಲು ಒಂದು ಕೆಲಸ ಮಾಡಬಹುದು. ಹಿರಿಯರ ಟ್ರಂಕು ತೆಗೆದು ಆರ್.ಸಿ. ಪುಸ್ತಕ, ಕೊಂಡ ರಶೀದಿ, ವಿಮೆಯ ಕಾಗದ, ಕಾರಿನ ಮುಂದೆ ನಿಂತು ತೆಗೆಸಿದ ಒಂದು ಹಳೆಯ ಫೋಟೊ ಹುಡುಕಿ ಒಂದು ಲಕೋಟೆಯಲ್ಲಿ ಹಾಕಿಡಬೇಕು. ಕಾರನ್ನು ಕೊನೆಗೆ ಮಾರಿದರೂ ಸರಿ, ಲಕೋಟೆ ಅದರ ಜೊತೆ ಹೋಗಲಿ. ಜಗತ್ತಿನ ಅತಿ ದುಬಾರಿ ಕಾರುಗಳ ಚರಿತ್ರೆ ಹೇಳುವುದೂ ಇದನ್ನೇ: ಲೋಹ ತುಕ್ಕು ಹಿಡಿದರೆ ತಿಕ್ಕಬಹುದು, ಕಳೆದುಹೋದ ಕಥೆಗೆ ಬಿಡಿಭಾಗ ಸಿಗುವುದಿಲ್ಲ.